ಮಕ್ಕಳ ಸೊರಗು ತಗ್ಗಿತು, ಎತ್ತರ ಏಕೆ ಏರಲಿಲ್ಲ?

ಅಪೌಷ್ಟಿಕತೆಯ ಬಗ್ಗೆ ಎರಡು ಬಗೆಯ ಸುದ್ದಿ ಒಟ್ಟೊಟ್ಟಿಗೇ ಬರುತ್ತಿವೆ. ಒಂದು ಪುಟದಲ್ಲಿ ‘ರಾಜ್ಯದಲ್ಲಿ ಅಪೌಷ್ಟಿಕತೆ ಇಳಿಮುಖ’ ಎಂದಿದ್ದರೆ ಇನ್ನೊಂದರಲ್ಲಿ ‘ಮೂರರಲ್ಲಿ ಒಂದು ಮಗುವಿನ ಬೆಳವಣಿಗೆ ಕುಂಠಿತ’ ಎಂದಿರುತ್ತದೆ. ಎರಡೂ ಸುಳ್ಳಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ (2015–16) ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 26.1ರಷ್ಟು ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದ್ದರು. ಐದನೇ ಸುತ್ತಿನಲ್ಲಿ (2019–21) ಅದು ಶೇ 19.5ಕ್ಕೆ ಇಳಿಯಿತು. ಆದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲದವರ ಪ್ರಮಾಣ ಶೇ 36.2ರಿಂದ ಬರೀ 35.4ಕ್ಕೆ ಬಂತು. ರಕ್ತಹೀನತೆಯಂತೂ ಶೇ 60.9ರಿಂದ 65.5ಕ್ಕೆ ಏರಿತು.

ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಲ್ಲಿ ಈ ಹತ್ತು–ಹನ್ನೆರಡು ವರ್ಷಗಳಲ್ಲಿ ಮನೆಮನೆಗೆ ಶೌಚಾಲಯ ಬಂತು. ಶುದ್ಧ ನೀರಿನ ಘಟಕ, ಕ್ಷೀರಭಾಗ್ಯದ ಹಾಲು, ಶಾಲೆಯಲ್ಲಿ ಮೊಟ್ಟೆಯೂ ಬಂದವು. ಇಷ್ಟಾದರೂ ಎತ್ತರ ಏರಲಿಲ್ಲವೆಂದರೆ ‘ನಮ್ಮವರು ಜಾತಕದಲ್ಲೇ ಗಿಡ್ಡ’ ಎನ್ನುವವರು ಒಂದು ಕಡೆ, ‘ಶೌಚಾಲಯಕ್ಕೆ ಸುರಿದ ದುಡ್ಡೆಲ್ಲ ದಂಡ’ ಎನ್ನುವವರು ಇನ್ನೊಂದು ಕಡೆ. ಎರಡೂ ಅವಸರದ ತೀರ್ಮಾನ.

ಎರಡು ಅಳತೆ, ಎರಡು ಕಾಲಮಾನ

ತೂಕ ಈ ತಿಂಗಳ ಸ್ಥಿತಿಯನ್ನು ಹೇಳುತ್ತದೆ. ನಾಲ್ಕು ದಿನ ಭೇದಿಯಾದರೆ ಇಳಿಯುತ್ತದೆ, ಹದಿನೈದು ದಿನ ಚೆನ್ನಾಗಿ ಉಂಡರೆ ಮರಳುತ್ತದೆ. ಎತ್ತರ ಹಾಗಲ್ಲ. ಅದು ಎಂದೂ ಇಳಿಯುವುದಿಲ್ಲ, ಏರುವುದು ನಿಲ್ಲುತ್ತದೆ ಅಷ್ಟೆ. ನಿಂತಿದ್ದು ತಾಯಿಯ ಕಣ್ಣಿಗೂ ಬೀಳುವುದಿಲ್ಲ.

ಹುಟ್ಟಿದಾಗ 50 ಸೆಂ.ಮೀ. ಆಸುಪಾಸು ಇರುವ ಕೂಸು ಮೊದಲ ವರ್ಷ ಸುಮಾರು 25, ಎರಡನೇ ವರ್ಷ ಸುಮಾರು 12 ಸೆಂ.ಮೀ. ಬೆಳೆಯುತ್ತದೆ. ಮುಂದೆ ಹರೆಯದವರೆಗೂ ಅಂಥ ವೇಗ ಬರುವುದಿಲ್ಲ. ಹಾಗಾಗಿ ಐದು ವರ್ಷದ ಮಗುವಿನ ಎತ್ತರದಲ್ಲಿ ನಾವು ನೋಡುವುದು ಹೆಚ್ಚುಪಾಲು ಗರ್ಭದ ಒಂಬತ್ತು ತಿಂಗಳು ಮತ್ತು ಮೊದಲೆರಡು ವರ್ಷಗಳ ಲೆಕ್ಕ. ಇಂದು ಜಾರಿಯಾದ ಯೋಜನೆಯ ಫಲ ನಾಳಿನ ತೂಕದಲ್ಲಿ ಕಾಣಬಹುದು, ಎತ್ತರದಲ್ಲಿ ಕಾಣಲು ನಾಲ್ಕೈದು ವರ್ಷ ಬೇಕು.

ಕುಂಠಿತ ಎನ್ನುವುದಕ್ಕೂ ಗೆರೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಎರಡು ವರ್ಷ ತುಂಬಿದ ಗಂಡು ಮಗುವಿನ ನಡುಮಟ್ಟದ ಎತ್ತರ 87.1 ಸೆಂ.ಮೀ., ಹೆಣ್ಣು ಮಗುವಿನದು 85.7. ಗಂಡು 81.0ಕ್ಕಿಂತ, ಹೆಣ್ಣು 79.3ಕ್ಕಿಂತ ಕಡಿಮೆ ಇದ್ದರೆ ಕುಂಠಿತ. ಮಕ್ಕಳ ಎತ್ತರ ನಡುಮಟ್ಟದಿಂದ ಎಷ್ಟು ಆಚೀಚೆ ಹರಡಿರುತ್ತದೆ ಎಂದು ಹೇಳುವ ಅಳತೆಗೆ ‘ಎಸ್‌ಡಿ’ (ಸ್ಟ್ಯಾಂಡರ್ಡ್ ಡೀವಿಯೇಶನ್) ಎನ್ನುತ್ತಾರೆ. ಈ ವಯಸ್ಸಿನಲ್ಲಿ ಒಂದು ಎಸ್‌ಡಿ ಎಂದರೆ ಸುಮಾರು 3 ಸೆಂ.ಮೀ. ಮುಂದೆ ಬರುವ ಸಂಶೋಧನೆಗಳ ಅಂಕಿಯನ್ನು ಓದಲು ಇದು ಬೇಕಾಗುತ್ತದೆ.

ಅಳತೆಯಲ್ಲೇ ತಪ್ಪಿದರೆ

ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ದೊಡ್ಡವರನ್ನು ನಿಲ್ಲಿಸಿ. ಮಲಗಿಸಿದಾಗ ಅಳತೆ ಸರಾಸರಿ 0.7 ಸೆಂ.ಮೀ. ಹೆಚ್ಚು ಬರುತ್ತದೆ. ಅದನ್ನು ಕೂಡುವುದೋ ಕಳೆಯುವುದೋ ಮರೆತರೆ ಗೆರೆಯ ಹತ್ತಿರದ ಮಗು ಆಚೀಚೆ ದಾಟಿಬಿಡುತ್ತದೆ. ಮಲಗಿಸಿ ಅಳೆಯಲು ಇಬ್ಬರು ಬೇಕು: ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಮಂಡಿ ಒತ್ತಿ ಪಾದವನ್ನು ನೇರ ಮಾಡಿ ಜಾರುಪಟ್ಟಿ ತರಬೇಕು. ಅಂಗನವಾಡಿಯಲ್ಲಿ ಸಹಾಯಕಿ ಒಲೆಯ ಮುಂದಿದ್ದರೆ ಕಾರ್ಯಕರ್ತೆ ಒಬ್ಬರೇ ಅಳೆಯುತ್ತಾರೆ. ಮಗು ಮಂಡಿ ಮಡಚುತ್ತದೆ, 2 ಸೆಂ.ಮೀ. ಹೋಯಿತು. ನಿಲ್ಲಿಸಿ ಅಳೆಯುವಾಗ ಜುಟ್ಟು ಬಿಚ್ಚದಿದ್ದರೆ 1 ಸೆಂ.ಮೀ. ಬಂತು. ಹುಟ್ಟಿದ ದಿನ ತಾಯಿ ಕಾರ್ಡಿನಲ್ಲಿರುವುದು ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಮತ್ತೂ ಕಷ್ಟ. ಒಂದೂವರೆ ವರ್ಷದ ಮಗು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವುದರಿಂದ ವಯಸ್ಸಿನಲ್ಲಿ ಎರಡು ತಿಂಗಳು ತಪ್ಪಿದರೆ ಅರ್ಧ ಎಸ್‌ಡಿಗಿಂತ ಹೆಚ್ಚು ತಪ್ಪಿದಂತೆ.

ಅಂಗನವಾಡಿ ಮಕ್ಕಳ ಅಳತೆಯನ್ನು ದಾಖಲಿಸುವ ಕೇಂದ್ರ ಸರ್ಕಾರದ ಆ್ಯಪ್ ಪೋಷಣ್ ಟ್ರ್ಯಾಕರ್ ಮತ್ತು ಕುಟುಂಬ ಆರೋಗ್ಯ ಸಮೀಕ್ಷೆ, ಇವೆರಡರ ಅಂಕಿಗಳು ಹೊಂದದಿರುವುದಕ್ಕೆ ಇದೂ ಒಂದು ಕಾರಣ. ದೇಶದ ಮಟ್ಟದಲ್ಲಿ ಸೊರಗಿದ ಮಕ್ಕಳು ಸಮೀಕ್ಷೆಯಲ್ಲಿ ಶೇ 19.3, 2024ರ ಟ್ರ್ಯಾಕರ್ ಲೆಕ್ಕದಲ್ಲಿ ಶೇ 6ರ ಆಸುಪಾಸು. ಕುಂಠಿತರ ಪ್ರಮಾಣ ಮಾತ್ರ ಎರಡರಲ್ಲೂ ಶೇ 35–36ರ ಹತ್ತಿರವೇ ಇದೆ. ಟ್ರ್ಯಾಕರ್ ಎಣಿಸುವುದು ಅಂಗನವಾಡಿಯಲ್ಲಿ ನೋಂದಾಯಿಸಿ ತೂಗಿದ ಮಕ್ಕಳನ್ನು, ಸಮೀಕ್ಷೆ ಅಳೆಯುವುದು ಆಯ್ದ ಮನೆಗಳ ಮಕ್ಕಳನ್ನು. ಜೊತೆಗೆ ‘ಸ್ಯಾಮ್’ (ತೀವ್ರವಾಗಿ ಸೊರಗಿದ) ಮಗು ಸಿಕ್ಕರೆ ಮೇಲಿನಿಂದ ವಿವರಣೆ ಕೇಳುತ್ತಾರೆ ಎಂಬ ಅಂಜಿಕೆ ಕೆಳಗಿನ ಸಿಬ್ಬಂದಿಗೆ ಇದ್ದೇ ಇರುತ್ತದೆ.

ಜಿಲ್ಲಾ ಅಂಕಿಯನ್ನಂತೂ ಹುಷಾರಾಗಿ ಓದಬೇಕು. ಐದನೇ ಸುತ್ತಿನಲ್ಲಿ 707 ಜಿಲ್ಲೆಗಳ 6,36,699 ಮನೆಗಳಿಗೆ ಹೋದರು. ಜಿಲ್ಲೆಗೆ ಸರಾಸರಿ 900 ಮನೆ. ಅವುಗಳಲ್ಲಿ ಅಳತೆಗೆ ಸಿಕ್ಕ ಐದು ವರ್ಷದೊಳಗಿನ ಮಕ್ಕಳು 250 ಎಂದಿಟ್ಟುಕೊಂಡರೂ ಶೇ 35 ಎಂಬ ಅಂಕಿಗೆ ಮೇಲೂ ಕೆಳಗೂ 6 ಅಂಶದ ಅನಿಶ್ಚಿತತೆ ಇರುತ್ತದೆ. ‘ಚಿತ್ರದುರ್ಗವನ್ನು ಹಿಂದಿಕ್ಕಿದ ದಾವಣಗೆರೆ’ ಎಂಬಂಥ ತಲೆಬರಹಕ್ಕೆ ಮೂರು ಅಂಶದ ವ್ಯತ್ಯಾಸ ಸಾಲದು.

ಮೂಳೆ ಉದ್ದವಾಗುವುದು ಹೇಗೆ, ನಿಲ್ಲುವುದು ಏಕೆ

ತೊಡೆ, ಕೆಳಗಾಲಿನ ಉದ್ದ ಮೂಳೆಗಳ ತುದಿಯಲ್ಲಿ ಮೆದುಮೂಳೆಯ ತೆಳು ಪದರವಿರುತ್ತದೆ. ಅಲ್ಲಿನ ಕೋಶಗಳು ಒಡೆದು ಹೆಚ್ಚುತ್ತವೆ, ಒಂದರ ಮೇಲೊಂದು ಸಾಲುಗಟ್ಟುತ್ತವೆ, ಊದಿಕೊಳ್ಳುತ್ತವೆ, ಆಮೇಲೆ ಆ ಜಾಗದಲ್ಲಿ ಸುಣ್ಣ ಕಟ್ಟಿ ಗಟ್ಟಿ ಮೂಳೆಯಾಗುತ್ತದೆ. ಎತ್ತರ ಎನ್ನುವುದು ಈ ಸಾಲು ಬೆಳೆದಷ್ಟೇ. ಬೆಳವಣಿಗೆ ದಿನವೂ ಒಂದೇ ಸಮ ಇರುವುದಿಲ್ಲ. ಕೂಸುಗಳನ್ನು ಪದೇಪದೇ ಅಳೆದು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ದಿನಗಟ್ಟಲೆ ನಿಂತು, ಒಮ್ಮೆಲೇ ಜಿಗಿಯುವುದು ಕಂಡುಬಂತು.

ಈ ಕೋಶಗಳಿಗೆ ‘ಬೆಳೆಯಿರಿ’ ಎನ್ನುವುದು ಮುಖ್ಯವಾಗಿ ಯಕೃತ್ತಿನಿಂದ ಬರುವ ಐಜಿಎಫ್-1 ಎಂಬ ಹಾರ್ಮೋನು. ಪ್ರೋಟೀನ್ ಮತ್ತು ಸತು (ಜಿಂಕ್) ಕಡಿಮೆಯಾದರೆ ಅದು ಇಳಿಯುತ್ತದೆ. ಸೋಂಕು ಬಂದಾಗಲೂ ಇಳಿಯುತ್ತದೆ. ಜ್ವರ, ಭೇದಿ, ಕೆಮ್ಮಿನ ಹೊತ್ತಿಗೆ ದೇಹ ಹರಿಬಿಡುವ ಐಎಲ್-6, ಟಿಎನ್‌ಎಫ್ ಮುಂತಾದ ಉರಿಯೂತದ ಸಂದೇಶಗಳು ಐಜಿಎಫ್-1ನ್ನು ತಗ್ಗಿಸುವುದಲ್ಲದೆ ಮೂಳೆ ತುದಿಯ ಕೋಶಗಳನ್ನೂ ನೇರವಾಗಿ ತಡೆಯುತ್ತವೆ. ಅದೇ ಹೊತ್ತಿಗೆ ಮಗುವಿಗೆ ಊಟ ಸೇರುವುದಿಲ್ಲ, ಉಂಡದ್ದು ಕರುಳಿಗೆ ಹತ್ತುವುದಿಲ್ಲ, ಜ್ವರಕ್ಕೆ ಶಕ್ತಿ ಹೆಚ್ಚು ಖರ್ಚಾಗುತ್ತದೆ, ಭೇದಿಯಲ್ಲಿ ಸತು ಹೋಗುತ್ತದೆ. ಬರ ಬಂದ ವರ್ಷ ರೈತ ಇದ್ದ ದುಡ್ಡಿನಲ್ಲಿ ದನಕ್ಕೆ ಮೇವು ತಂದು, ಮನೆಯ ಗೋಡೆ ಎತ್ತಿಸುವುದನ್ನು ಮುಂದಕ್ಕೆ ಹಾಕುವಂತೆ ದೇಹವೂ ಮಿದುಳು, ಹೃದಯಗಳನ್ನು ಉಳಿಸಿಕೊಂಡು ಮೂಳೆಯ ಕೆಲಸ ನಿಲ್ಲಿಸುತ್ತದೆ.

ನಿಂತ ಕೆಲಸ ಮತ್ತೆ ಶುರುವಾಗುತ್ತದೆ. ಸೋಂಕು ಹೋಗಿ ಊಟ ಸಿಕ್ಕರೆ ಮಗು ಹಿಂದಿನ ಬಾಕಿಯನ್ನೂ ಸೇರಿಸಿ ಬೇಗ ಬೆಳೆಯಬಲ್ಲದು. ಕಾಯಿಲೆ ಬಿಟ್ಟ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚು ಕೊಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ಭೇದಿಗೆ ಓಆರ್‌ಎಸ್ ಜೊತೆ 14 ದಿನ ಸತುವಿನ ಮಾತ್ರೆ ಕೊಡುವುದೂ (ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ.) ಇದಕ್ಕೇ. ಆಗುವುದೇನೆಂದರೆ ಭೇದಿ ಮೂರನೇ ದಿನ ನಿಲ್ಲುತ್ತದೆ, ನಾಲ್ಕನೇ ದಿನ ಮಾತ್ರೆ ಗೂಡು ಸೇರುತ್ತದೆ. ಬಾಕಿ ತೀರುವ ಮೊದಲೇ ಮುಂದಿನ ಸೋಂಕು ಬಂದರೆ ಎರಡು ವರ್ಷದ ಹೊತ್ತಿಗೆ 5–6 ಸೆಂ.ಮೀ. ಹಿಂದೆ ಬಿದ್ದಿರುತ್ತದೆ.

ಕಬ್ಬಿಣದ ಸಿರಪ್ ಕೊಟ್ಟರೂ ರಕ್ತಹೀನತೆ ಏಕೆ ಜಗ್ಗುತ್ತಿಲ್ಲ ಎಂಬುದಕ್ಕೂ ಇದರಲ್ಲಿ ಸ್ವಲ್ಪ ಉತ್ತರವಿದೆ. ಉರಿಯೂತವಿದ್ದಾಗ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಕರುಳು ಕಬ್ಬಿಣ ಹೀರದಂತೆ ತಡೆಯುತ್ತದೆ.

ಭೇದಿ ಇಲ್ಲದೆಯೂ ಕರುಳು ಕೆಡುತ್ತದೆ

2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ ರಾಜ್ಯವೇ ತಿರುಗಿ ನೋಡಿತು. ಸುದ್ದಿಯಾಗದ ಸೋಂಕೇ ಮೂಳೆಗೆ ಹೆಚ್ಚು ದುಬಾರಿ. ಎಂಟು ದೇಶಗಳಲ್ಲಿ ನಡೆದ ‘ಮಾಲ್-ಎಡ್’ ಅಧ್ಯಯನದಲ್ಲಿ (ನಮ್ಮ ಪಕ್ಕದ ವೆಲ್ಲೂರೂ ಅದರ ಒಂದು ಕೇಂದ್ರ) ಮಕ್ಕಳ ಮಲವನ್ನು ಹುಟ್ಟಿನಿಂದ ಪದೇಪದೇ ಪರೀಕ್ಷಿಸಿದರು. ಭೇದಿಯೇ ಆಗದ ಮಕ್ಕಳಲ್ಲೂ ಶಿಗೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್, ಜಿಯಾರ್ಡಿಯಾದಂಥ ರೋಗಾಣುಗಳು ಸಿಕ್ಕವು. ಹೆಚ್ಚು ಸಿಕ್ಕವರು ಗಿಡ್ಡಗಿದ್ದರು.

ಹೀಗೆ ದಿನವೂ ಹೊಲಸು ಹೊಟ್ಟೆ ಸೇರುತ್ತಿದ್ದರೆ ಕರುಳಿನ ಒಳಮೈಯ ಬೆರಳಿನಾಕಾರದ ಎಳೆಗಳು ಮೊಂಡಾಗುತ್ತವೆ, ಆಹಾರ ಹೀರುವ ಜಾಗ ಕುಗ್ಗುತ್ತದೆ. ಕರುಳಿನ ಗೋಡೆ ಸೋರತೊಡಗಿ ಬ್ಯಾಕ್ಟೀರಿಯಾದ ತುಣುಕುಗಳು ರಕ್ತ ಸೇರುತ್ತವೆ. ಸಣ್ಣ ಉರಿಯೂತ ತಿಂಗಳುಗಟ್ಟಲೆ ಆರದೆ ಉಳಿಯುತ್ತದೆ. ಮಗುವಿಗೆ ಜ್ವರವಿಲ್ಲ, ಭೇದಿಯಿಲ್ಲ, ಆಡಿಕೊಂಡಿದೆ. ಆಸ್ಪತ್ರೆಗೆ ಒಯ್ಯಲು ಕಾರಣವೇ ಇಲ್ಲ.

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಕುರಿ ಸಾಕುವ ಮನೆಗಳ ಅಂಗಳವನ್ನೇ ತೆಗೆದುಕೊಳ್ಳಿ. ರೊಪ್ಪ, ಕೋಳಿ, ತಿಪ್ಪೆ, ನೀರಿನ ತೊಟ್ಟಿ ಎಲ್ಲ ಒಂದೇ ಅಂಗಳದಲ್ಲಿ; ಎಂಟು ತಿಂಗಳ ಕೂಸು ಅಲ್ಲೇ ಅಂಬೆಗಾಲಿಡುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ದೊಡ್ಡವರೆಲ್ಲ ಶೌಚಾಲಯಕ್ಕೇ ಹೋದರೂ ಈ ದಾರಿ ಮುಚ್ಚುವುದಿಲ್ಲ.

ಶೌಚಾಲಯದ ಪ್ರಯೋಗಗಳು ಹೇಳಿದ್ದೇನು

ಗೊಂದಲ ಹೆಚ್ಚಿದ್ದು ಇಲ್ಲಿ. ಬಾಂಗ್ಲಾದೇಶ ಮತ್ತು ಕೀನ್ಯಾದಲ್ಲಿ ‘ವಾಶ್ ಬೆನಿಫಿಟ್ಸ್’ (2018), ಜಿಂಬಾಬ್ವೆಯಲ್ಲಿ ‘ಶೈನ್’ (2019) ಎಂಬ ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಕೆಲವು ಗುಂಪುಗಳಿಗೆ ಶೌಚಾಲಯ, ಕೈತೊಳೆಯುವ ವ್ಯವಸ್ಥೆ, ಕ್ಲೋರಿನ್ ಕೊಟ್ಟರು. ಕೆಲವಕ್ಕೆ ದಿನಕ್ಕೆ 20 ಗ್ರಾಂ. ಶೇಂಗಾ ಪೇಸ್ಟ್‌ನಂಥ ಪೂರಕ ಆಹಾರ ಮತ್ತು ತಾಯಂದಿರಿಗೆ ತಿಳಿವಳಿಕೆ ಕೊಟ್ಟರು. ಕೆಲವಕ್ಕೆ ಎರಡೂ. ಆಹಾರ ಪಡೆದವರ ಎತ್ತರ ತುಸು ಏರಿತು: ಬಾಂಗ್ಲಾದಲ್ಲಿ 0.25, ಜಿಂಬಾಬ್ವೆಯಲ್ಲಿ 0.16 ಎಸ್‌ಡಿ. ಅಂದರೆ ಎರಡು ವರ್ಷದ ಹೊತ್ತಿಗೆ ಅರ್ಧದಿಂದ ಮುಕ್ಕಾಲು ಸೆಂ.ಮೀ. ಬರೀ ಶೌಚಾಲಯ, ನೀರು ಪಡೆದವರ ಎತ್ತರ ಏರಲಿಲ್ಲ. ಎರಡೂ ಸಿಕ್ಕವರಿಗೆ ಆಹಾರ ಮಾತ್ರ ಸಿಕ್ಕವರಿಗಿಂತ ಹೆಚ್ಚಿನ ಲಾಭವಾಗಲಿಲ್ಲ. ಮಧ್ಯಪ್ರದೇಶ, ಒಡಿಶಾದಲ್ಲಿ ಇದಕ್ಕೆ ಮೊದಲೇ (2014) ನಡೆದ ಶೌಚಾಲಯ ಪ್ರಯೋಗಗಳಲ್ಲೂ ಎತ್ತರ ಬದಲಾಗಿರಲಿಲ್ಲ.

ಒಂದು ಪಕ್ಷದವರ ವಾದ: ನೈರ್ಮಲ್ಯಕ್ಕೂ ಎತ್ತರಕ್ಕೂ ಇದ್ದ ನಂಟನ್ನು ನಾವು ದೊಡ್ಡದು ಮಾಡಿ ಹೇಳಿದ್ದೆವು, ದುಡ್ಡನ್ನು ಊಟಕ್ಕೆ ಹಾಕಿ. ಇನ್ನೊಂದು ಪಕ್ಷ: ಪ್ರಯೋಗದಲ್ಲಿ ಕೊಟ್ಟ ನೈರ್ಮಲ್ಯವೇ ಸಾಲದು, ಕೀನ್ಯಾ, ಜಿಂಬಾಬ್ವೆಯಲ್ಲಿ ಭೇದಿಯೇ ಇಳಿಯಲಿಲ್ಲ, ಮತ್ತೆ ಎತ್ತರ ಎಲ್ಲಿಂದ ಏರಬೇಕು? ಎರಡನೆಯ ವಾದ ಹೆಚ್ಚು ಗಟ್ಟಿ ಎನ್ನಬೇಕು, ಆದರೆ ಅದಕ್ಕೂ ಬಾಂಗ್ಲಾ ಅಡ್ಡ ಬರುತ್ತದೆ: ಅಲ್ಲಿ ಭೇದಿ ಮೂರನೇ ಒಂದರಷ್ಟು ಇಳಿದರೂ ಎತ್ತರ ಏರಲಿಲ್ಲ. ಭೇದಿಯಿಲ್ಲದ ಸೋಂಕು ಉಳಿದೇ ಇತ್ತು ಎಂಬುದು ಇದಕ್ಕೆ ಹೊಂದುವ ವಿವರಣೆ. ಗುಂಡಿ ಶೌಚಾಲಯ ಮತ್ತು ಕೈತೊಳೆಯುವ ಬಕೆಟ್ ಆ ಮಟ್ಟದ ಹೊಲಸನ್ನು ತಡೆಯಲಾರವು. ಮನೆಯೊಳಗೆ ದಿನವಿಡೀ ಬರುವ ಕ್ಲೋರಿನ್ ಇರುವ ನಲ್ಲಿ ನೀರು, ಗಟ್ಟಿ ನೆಲ, ಕೂಸಿನಿಂದ ದೂರದ ಕೋಳಿ ಗೂಡು ಮತ್ತು ರೊಪ್ಪ ಬೇಕು. ವಾರಕ್ಕೆರಡು ದಿನ ನೀರು ಬಿಡುವ ಊರಲ್ಲಿ ಜನ ಡ್ರಮ್ಮಿನಲ್ಲಿ ತುಂಬಿಟ್ಟು, ಚೊಂಬು ಅದ್ದಿ ಮೊಗೆಯುವುದು ಅನಿವಾರ್ಯ. ಕೈಯಲ್ಲಿದ್ದ ಕೊಳೆ ನೀರಿಗೆ ಸೇರುವುದು ಆ ಚೊಂಬಿನ ಮೂಲಕ.

ಬಟ್ಟಲಲ್ಲಿ ನೀರೇ ಹೆಚ್ಚು

ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಬಗೆಯ, ಸಾಕಷ್ಟು ಸಲದ ಊಟ ಸಿಗುವುದು ಶೇ 11.3 ಮಂದಿಗೆ ಮಾತ್ರ ಎನ್ನುತ್ತದೆ ಐದನೇ ಸಮೀಕ್ಷೆ. ಬಡತನ ಒಂದೇ ಇದಕ್ಕೆ ಕಾರಣವಲ್ಲ. 7 ಕಿಲೋ ಮಗುವಿನ ಹೊಟ್ಟೆ ಒಮ್ಮೆಗೆ ಹಿಡಿಯುವುದು ಸುಮಾರು 200 ಮಿ.ಲೀ. ನುಣ್ಣಗೆ ಸುರಿಯುವಂಥ ರಾಗಿ ಗಂಜಿ ಅಷ್ಟು ಮಾಡಲು ಹಿಡಿಯುವ ಹಿಟ್ಟು 12 ಗ್ರಾಂ., ಸಿಗುವ ಶಕ್ತಿ 40 ಕ್ಯಾಲೊರಿ. ಮೂರು ಸಲ ಕುಡಿಸಿದರೆ 120. ಎದೆಹಾಲಿನ ಜೊತೆಗೆ ಆ ಮಗುವಿಗೆ ಬೇಕಾದ್ದು 9–11 ತಿಂಗಳಲ್ಲಿ 300, ವರ್ಷ ದಾಟಿದ ಮೇಲೆ 550 ಕ್ಯಾಲೊರಿ. ಹೊಟ್ಟೆ ತುಂಬಿದೆ, ಮಗು ಅಳುವುದಿಲ್ಲ, ಮೂಳೆಗೆ ಮಾತ್ರ ಏನೂ ಉಳಿಯುವುದಿಲ್ಲ.

ಹಿಟ್ಟು ಹೆಚ್ಚಿಸಿದರೆ ಗಂಜಿ ಗಟ್ಟಿಯಾಗಿ ಗಂಟಲಲ್ಲಿ ಇಳಿಯುವುದಿಲ್ಲ ಎಂಬುದು ತಾಯಂದಿರ ನಿಜವಾದ ತೊಡಕು. ಇದಕ್ಕೆ ಮೊಳಕೆ ಕಟ್ಟಿದ ರಾಗಿಯೇ ಉಪಾಯ. ರಾಗಿಯನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದು–ಒಂದೂವರೆ ದಿನ ಕಟ್ಟಿಟ್ಟು, ಒಣಗಿಸಿ, ಬೇರು ಉಜ್ಜಿ ತೆಗೆದು ಬೀಸಬೇಕು. ಬಿಗಿಯಾಗಿ ಕಟ್ಟಿ ಗಾಳಿ ಆಡದಿದ್ದರೆ ಬೂಷ್ಟು ಹಿಡಿಯುತ್ತದೆ, ಅದನ್ನು ಎಸೆಯಲೇಬೇಕು. ಘಮ ಬರಲೆಂದು ಕೆಂಪಗೆ ಹುರಿದರೆ ಮೊಳಕೆಯಲ್ಲಿ ಹುಟ್ಟಿದ, ಪಿಷ್ಟ ಒಡೆದು ಗಂಜಿ ತೆಳ್ಳಗಾಗಿಸುವ ಅಮೈಲೇಸ್ ಎಂಬ ಕಿಣ್ವ ಸುಟ್ಟುಹೋಗಿ ಮಾಮೂಲಿ ಹಿಟ್ಟಿಗೂ ಅದಕ್ಕೂ ವ್ಯತ್ಯಾಸವಿಲ್ಲದಂತಾಗುತ್ತದೆ. ಸರಿಯಾದ ಕ್ರಮವೆಂದರೆ ಮಾಮೂಲಿ ಹಿಟ್ಟಿನಲ್ಲಿ 30 ಗ್ರಾಂ. ಹಾಕಿ ಗಟ್ಟಿ ಗಂಜಿ ಕಾಯಿಸಿ, ಇಳಿಸಿ, ಕುದಿ ಆರಿದ ಮೇಲೆ ಒಂದು ಚಮಚ ಮೊಳಕೆ ಹಿಟ್ಟು ಕಲಕುವುದು. ಕೆಲವೇ ನಿಮಿಷದಲ್ಲಿ ತೆಳ್ಳಗಾಗುತ್ತದೆ. ಆಮೇಲೆ ಇನ್ನೊಂದು ಕುದಿ ಬರಿಸಿ ಆರಿಸಿ ಕೊಡಬೇಕು. ಅದೇ ಬಟ್ಟಲಲ್ಲಿ ಈಗ 100 ಕ್ಯಾಲೊರಿ. ಒಂದು ಚಮಚ ಎಣ್ಣೆ ಇನ್ನು 40, ಹುರಿದ ಹೆಸರುಬೇಳೆ ಪುಡಿ 10 ಗ್ರಾಂ. ಇನ್ನು 35 ಕೂಡಿಸುತ್ತವೆ. ಬೇಳೆ ಬೇಕಾದ್ದು ಶಕ್ತಿಗಿಂತ ಲೈಸಿನ್‌ಗೆ. ರಾಗಿ, ಜೋಳ, ಮೆಕ್ಕೆಜೋಳ ಮೂರರಲ್ಲೂ ಈ ಅಮೈನೋ ಆಮ್ಲ ಕಡಿಮೆ. ಬೇಳೆ, ಹಾಲು, ಮೊಟ್ಟೆಯಲ್ಲಿ ಚೆನ್ನಾಗಿದೆ. ದಾವಣಗೆರೆ ಸೀಮೆಯ ಮೆಕ್ಕೆಜೋಳ ಲಾರಿಗಟ್ಟಲೆ ಕೋಳಿ ಆಹಾರಕ್ಕೆ ಹೋಗುತ್ತದೆ, ಕೋಳಿಯ ಮೊಟ್ಟೆ ಬೆಳೆದವರ ಮನೆಯ ಒಂದು ವರ್ಷದ ಕೂಸಿನ ಬಾಯಿಗೆ ಬರುವುದು ಅಪರೂಪ.

ಕೊಳವೆಬಾವಿಯ ಇನ್ನೊಂದು ಪೆಟ್ಟು

ಈ ಸೀಮೆಗೆ ಹೊರಗಿನ ಪ್ರಯೋಗಗಳಲ್ಲಿ ಕಾಣದ ಇನ್ನೊಂದು ಕಾಟವಿದೆ: ಫ್ಲೋರೈಡ್. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಭಾಗದ ಆಳದ ಕೊಳವೆಬಾವಿಗಳಲ್ಲಿ ಅದು ಮಿತಿ ಮೀರಿರುವುದು ಹಳೆಯ ಸಂಗತಿ. ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಎಲ್ಲರೂ ನೋಡುವುದು ಹಲ್ಲಿನ ಕಲೆಯನ್ನು. ಊಟದಲ್ಲಿ ಸುಣ್ಣದಂಶ ಕಡಿಮೆಯಿರುವ ಮಕ್ಕಳಲ್ಲಿ ಫ್ಲೋರೈಡ್ ಮೂಳೆಗೂ ಹಾನಿ ಮಾಡಿ, ಮಂಡಿ ಒಳಕ್ಕೆ ಬಾಗುವಂಥ ವಿರೂಪ ತರುತ್ತದೆ. ಇದು ಕುಂಠಿತ ಬೆಳವಣಿಗೆಗಿಂತ ಬೇರೆಯದೇ ಸಮಸ್ಯೆ, ಆದರೆ ಎರಡೂ ಬಂದೆರಗುವುದು ಒಂದೇ ಮನೆಯ ಮಕ್ಕಳ ಮೇಲೆ.

ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು ಅಡುಗೆಗೆ ಕೊಳವೆಬಾವಿ ನೀರನ್ನೇ ಬಳಸುವುದು ರೂಢಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತದೆ. ಮಗುವಿನ ಗಂಜಿಗೆ ಹಾಕುವ ನೀರು ಕ್ಯಾನಿನದೇ ಆಗಿರಬೇಕು. ಘಟಕದ ಟಿಡಿಎಸ್ ಮೀಟರ್ ಒಟ್ಟು ಲವಣವನ್ನು ತೋರಿಸುತ್ತದೆಯೇ ಹೊರತು ಫ್ಲೋರೈಡನ್ನಲ್ಲ, ಹಾಗಾಗಿ ಮೆಂಬ್ರೇನ್ (ಸೋಸುವ ಪೊರೆ) ಸವೆದ ಘಟಕದ ನೀರನ್ನು ಪ್ರಯೋಗಾಲಯದಲ್ಲೇ ಪರೀಕ್ಷಿಸಬೇಕು. 100 ಗ್ರಾಂ. ರಾಗಿಯಲ್ಲಿ 350 ಮಿ.ಗ್ರಾಂ. ಆಸುಪಾಸು ಸುಣ್ಣದಂಶವಿದೆ. ಪಡಿತರದ ಅಕ್ಕಿ ರಾಗಿ ಮುದ್ದೆಯನ್ನು ತಟ್ಟೆಯಿಂದ ಸರಿಸಿದಾಗ ಅದೂ ಸರಿಯಿತು.

ಅಳತೆಗೋಲನ್ನೇ ಬದಲಿಸಬೇಕೆ?

ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ ನಮ್ಮವರಿಗೆ ಹೊಂದದು, ಭಾರತಕ್ಕೆ ಬೇರೆ ಪಟ್ಟಿ ಬೇಕು ಎಂಬ ವಾದವನ್ನು ಅರ್ಥಶಾಸ್ತ್ರಜ್ಞ ಅರವಿಂದ ಪನಗಾರಿಯಾ 2013ರಲ್ಲಿ ಎತ್ತಿದರು, ಅದು ಆಗಾಗ ಮರಳುತ್ತದೆ. 2006ರ ಆ ಮಾನದಂಡ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದು ಮಾಡಿದ್ದು. ಅದರಲ್ಲಿ ದಕ್ಷಿಣ ದೆಹಲಿಯ ಮಕ್ಕಳೂ ಇದ್ದರು. ಎದೆಹಾಲು, ಒಳ್ಳೆಯ ಊಟ, ಶುಚಿಯಾದ ಮನೆ ಸಿಕ್ಕಾಗ ಅವರೂ ನಾರ್ವೆಯ ಮಕ್ಕಳ ಸಮಸಮಕ್ಕೆ ಬೆಳೆದಿದ್ದರು. ತಾಯಿ ಗಿಡ್ಡಗಿದ್ದರೆ ಮಗು ಒಂದೇ ತಲೆಮಾರಿನಲ್ಲಿ ಪೂರ್ತಿ ಎತ್ತರ ಮುಟ್ಟದು ಎಂಬುದು ವಾದದಲ್ಲಿರುವ ಸತ್ಯಾಂಶ. ಆದರೆ ತಾಯಿ ಗಿಡ್ಡಗಾದದ್ದೂ ಬಹುಪಾಲು ಇದೇ ಕಾರಣಗಳಿಂದಲೇ. ಗೆರೆ ಕೆಳಗಿಳಿಸಿದರೆ ಪಟ್ಟಿಯಲ್ಲಿ ಕುಂಠಿತರು ಕಡಿಮೆಯಾಗುತ್ತಾರೆ, ಯೋಜನೆಯ ದುಡ್ಡೂ ಕಡಿಮೆಯಾಗುತ್ತದೆ, ಮಕ್ಕಳು ಇದ್ದಷ್ಟೇ ಎತ್ತರ ಇರುತ್ತಾರೆ.

ದುಡ್ಡು ಒಂದು ವಯಸ್ಸಿಗೆ, ಬೆಳವಣಿಗೆ ಇನ್ನೊಂದು ವಯಸ್ಸಿಗೆ

ಗ್ವಾಟೆಮಾಲಾದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ಎರಡಕ್ಕೆ ಪ್ರೋಟೀನ್ ಇರುವ ಗಂಜಿ, ಇನ್ನೆರಡಕ್ಕೆ ಪ್ರೋಟೀನ್ ಇಲ್ಲದ ಪಾನೀಯ ಕೊಟ್ಟು ನೋಡಿದರು. ಮೂರು ವರ್ಷದೊಳಗೆ ಗಂಜಿ ಕುಡಿದವರ ಎತ್ತರ ಏರಿತು, ಮೂರರ ಮೇಲೆ ಕುಡಿದವರದು ಹೆಚ್ಚುಕಡಿಮೆ ಇದ್ದಂತೆಯೇ ಇತ್ತು. ಹುಟ್ಟಿನಿಂದ ಎರಡು ವರ್ಷದವರೆಗೆ ಕುಡಿದ ಗಂಡುಮಕ್ಕಳು ದೊಡ್ಡವರಾದಾಗ ಗಂಟೆಗೆ ಗಳಿಸುವ ಕೂಲಿ ಶೇ 46ರಷ್ಟು ಹೆಚ್ಚಿತ್ತು.

ನಮ್ಮಲ್ಲಿ ನಡೆದಿರುವುದು ಇದಕ್ಕೆ ಉಲ್ಟಾ. ಕಣ್ಣಮುಂದೆ ಉಣ್ಣಿಸುವ ಬಿಸಿಯೂಟ, ಮೊಟ್ಟೆ ಸಿಗುವುದು ಮೂರು ವರ್ಷ ದಾಟಿ ಅಂಗನವಾಡಿಗೆ ಬಂದು ಕೂರುವವರಿಗೆ, ಆಮೇಲೆ ಶಾಲೆಯವರಿಗೆ. 2024ರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಇದೆ. ಅದು ಒಳ್ಳೆಯದೇ, ಹಾಜರಾತಿಗೆ, ಕಲಿಕೆಗೆ, ಹರೆಯದ ಹುಡುಗಿಯರಿಗೆ ಬೇಕು. ಆದರೆ ಅದರಿಂದ ಕುಂಠಿತರ ಅಂಕಿ ಇಳಿಯುತ್ತದೆಂದು ಕಾಯುವುದು ತಪ್ಪು ಲೆಕ್ಕ. ಆರು ತಿಂಗಳಿಂದ ಮೂರು ವರ್ಷದವರಿಗೆ ಸಿಗುವುದು ಮನೆಗೊಯ್ಯುವ ಪುಷ್ಟಿ ಪುಡಿ. ದಿನಕ್ಕೆ 500 ಕ್ಯಾಲೊರಿ ಎಂದು ಕಾಗದದಲ್ಲಿರುವುದು ಮನೆಯಲ್ಲಿ ಅಣ್ಣ, ಅಕ್ಕನ ಪಾಲಿಗೂ ಹೋಗುತ್ತದೆ.

ಹಾಗಾದರೆ ಮೊಟ್ಟೆಯನ್ನೇ ಕೆಳವಯಸ್ಸಿಗೆ ಇಳಿಸಿದರೆ? ಈಕ್ವೆಡಾರ್‌ನಲ್ಲಿ 6–9 ತಿಂಗಳ ಕೂಸುಗಳಿಗೆ ಆರು ತಿಂಗಳು ದಿನಕ್ಕೊಂದು ಮೊಟ್ಟೆ ಕೊಟ್ಟಾಗ (2017) 0.63 ಎಸ್‌ಡಿ ಏರಿತು. ಅದನ್ನೇ ಮಲಾವಿಯಲ್ಲಿ ಮಾಡಿದಾಗ (2019) ಎತ್ತರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಕೆರೆದಂಡೆಯ ಆ ಊರಿನ ಮಕ್ಕಳು ಮೊದಲೇ ಮೀನು ತಿನ್ನುತ್ತಿದ್ದರು. ಮೊಟ್ಟೆ, ಮೀನು, ಹಾಲು ಯಾವುದೂ ಸರಿಯಾಗಿ ಸಿಗದ ಬಯಲುಸೀಮೆಯ ಕೂಸು ಈಕ್ವೆಡಾರ್‌ಗೇ ಹತ್ತಿರ. ಒಂದು ಮೊಟ್ಟೆಗೆ 6 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 180, ಆರು ತಿಂಗಳಿಂದ ಎರಡು ವರ್ಷದವರೆಗೆ ಒಂದು ಮಗುವಿಗೆ 3,240 ರೂಪಾಯಿ. ದುಡ್ಡಿಗಿಂತ ಕಷ್ಟ ತಲುಪಿಸುವುದು. ತಿಂಗಳ ಮೊಟ್ಟೆಯನ್ನು ಒಟ್ಟಿಗೆ ಮನೆಗೆ ಕೊಟ್ಟರೆ ಎಲ್ಲರೂ ತಿನ್ನುತ್ತಾರೆ. ಅಂಗನವಾಡಿಯಲ್ಲೇ ಬೇಯಿಸಿ ತಿನ್ನಿಸುವುದಾದರೆ ಮೆಕ್ಕೆಜೋಳ ಮುರಿಯುವ, ಶೇಂಗಾ ಕೀಳುವ ತಿಂಗಳುಗಳಲ್ಲಿ ತಾಯಿ ಬೆಳಗ್ಗೆ ಏಳಕ್ಕೇ ಹೊಲದಲ್ಲಿರುತ್ತಾಳೆ, ಅಂಗನವಾಡಿ ತೆರೆಯುವುದು ಅದಾದ ಎರಡು–ಮೂರು ಗಂಟೆಗೆ.